ಮೌಸ್ ಕೂತ ಜಾಗದಲ್ಲೇ ನೆಟ್‌ವರ್ಕ್ ಕಾರ್ಡ್

ಕೊನೆಗೂ ಸಿಕ್ಕಿತು! ಮೂರು ವಾರದಿಂದ ತಲೆ ತಿನ್ನುತ್ತಿದ್ದ ನನ್ನ ಹಳೆಯ 386 ಕಂಪ್ಯೂಟರ್ ನಿನ್ನೆ ರಾತ್ರಿ ಎರಡೇ ಸಾಲು ತಿದ್ದಿದ್ದಕ್ಕೆ ಸರಿಹೋಯಿತು.

ಡಾಸ್ 6.22, 8 ಎಂಬಿ ರ‍್ಯಾಮ್, ಮೆಮೊರಿ ನೋಡಿಕೊಳ್ಳುವ ಹೈಮೆಮ್, ಇಎಂಎಂ386 ಎಲ್ಲಾ ಮಾಮೂಲಿ, ಅದನ್ನು ಬಿಡುತ್ತೇನೆ. ಡಾಸ್ ಪ್ರೋಗ್ರಾಂಗಳು ಓಡುವುದು ಕೆಳಗಿನ 640 ಕೆಬಿಯಲ್ಲಿ; ಅದರ ಮೇಲಿನ ಖಾಲಿ ವಿಳಾಸಗಳಲ್ಲಿ ಇಎಂಎಂ386 ಡ್ರೈವರ್‌ಗಳಿಗೆ ಜಾಗ ಮಾಡಿಕೊಡುತ್ತದೆ, ಅದೇ ಯುಎಂಬಿ. ನೋಇಎಂಎಸ್ ಜೊತೆ ಐ=ಇ000-ಇಎಫ್‌ಎಫ್‌ಎಫ್ ಕೊಟ್ಟು ಆ ಜಾಗವನ್ನೂ ಸೇರಿಸಿಕೋ ಅಂದಿದ್ದರಿಂದ ಸಿ800ರಿಂದ (ಇವೆಲ್ಲ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ, ಮೆಮೊರಿ ವಿಳಾಸಗಳು) ಇಎಫ್‌ಎಫ್‌ಎಫ್ ತನಕ 160 ಕೆಬಿ ಒಂದೇ ತುಂಡಾಗಿ ಸಿಕ್ಕಿತ್ತು. ಹೊಸದಾಗಿ ಹಾಕಿದ್ದು ಡಬ್ಲ್ಯೂಡಿ8003ಇ, 8 ಬಿಟ್ ಈಥರ್‌ನೆಟ್ ಕಾರ್ಡ್. ಅದನ್ನು ನಡೆಸುವ ಪ್ಯಾಕೆಟ್ ಡ್ರೈವರ್ ಲೋಡ್ ಆಗುತ್ತದೆ, ಕಾರ್ಡಿನ ವಿಳಾಸವನ್ನೂ ಸರಿಯಾಗಿ ತೋರಿಸುತ್ತದೆ. ನೆಟ್‌ವರ್ಕಿನಿಂದ ಐಪಿ ವಿಳಾಸ ಕೇಳುವ ಡಿಎಚ್‌ಸಿಪಿ ಓಡಿಸಿ ಮೌಸ್ ಅಲುಗಾಡಿಸಿದರೆ ಮಷಿನ್ ಗಪ್‌ಚುಪ್. ಕಂಟ್ರೋಲ್-ಆಲ್ಟ್-ಡಿಲೀಟ್‌ಗೂ ಬಗ್ಗುವುದಿಲ್ಲ.

ಮೊದಲು ಅನುಮಾನ ಬಂದಿದ್ದು ರ‍್ಯಾಮ್ ಮೇಲೆ. 30 ಪಿನ್ ಸಿಮ್‌ಗಳನ್ನು (ರ‍್ಯಾಮ್ ಪಟ್ಟಿಗಳನ್ನು) ಮಾರಿದವರು ‘ಟೆಸ್ಟ್ ಆಗಿದೆ’ ಅಂತ ಚೀಟಿ ಅಂಟಿಸಿದ್ದರು. ಎಂಟರಲ್ಲಿ ಒಂದು ಸತ್ತಿತ್ತು, ಎರಡರ ಪಿನ್ನಿನ ಮೇಲೆ ಕಪ್ಪು ಕಿಲುಬು. 386ಡಿಎಕ್ಸ್‌ಗೆ ನಾಲ್ಕು ನಾಲ್ಕಾಗಿ ಹಾಕಬೇಕು, ಒಂದು ಕೆಟ್ಟರೆ ಇಡೀ ಬ್ಯಾಂಕ್ ಹೋಯಿತು. ಟೆಸ್ಟ್ ಮಾಡದೆ ಚೀಟಿ ಅಂಟಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಬೇರೆ ಸಿಮ್ ತರಿಸಿ ಹಾಕಿದೆ. ಹ್ಯಾಂಗ್ ಮಾತ್ರ ಹಾಗೇ ಇತ್ತು.

ಇಎಂಎಂ386 ಸಾಲಿಗೆ ರೆಮ್ ಹಾಕಿ ನಿಲ್ಲಿಸಿದರೆ ನೆಟ್‌ವರ್ಕ್ ಚೆನ್ನಾಗಿ ಓಡುತ್ತದೆ. ಇಎಂಎಂ386 ಇಟ್ಟುಕೊಂಡು ಮೌಸ್ ಡ್ರೈವರನ್ನು ಮಾತ್ರ ಕೆಳಗಿನ 640 ಕೆಬಿಗೆ ಇಳಿಸಿದರೆ ಹ್ಯಾಂಗ್ ಇಲ್ಲ, ಆದರೆ ಡಿಎಚ್‌ಸಿಪಿಗೆ ಉತ್ತರವೂ ಇಲ್ಲ. ಮೌಸ್‌ಗೂ ನೆಟ್‌ವರ್ಕಿಗೂ ಏನು ಸಂಬಂಧ?

ಮತ್ತೆ ಮೌಸನ್ನು ಮೇಲೆ ಹಾಕಿ, ಯಾವುದು ಎಲ್ಲಿ ಕೂತಿದೆ ಅಂತ ತೋರಿಸುವ ಮೆಮ್ /ಡಿ ಹೊಡೆದು, ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡೆ. ಮೌಸ್ ಶುರುವಾಗುವುದು ಸಿಇ80ರಲ್ಲಿ, ಮುಗಿಯುವುದು ಡಿ000 ದಾಟಿದ ಮೇಲೆ. ನಾನು ಪ್ಯಾಕೆಟ್ ಡ್ರೈವರಿಗೆ ಕೊಟ್ಟ ಮೆಮೊರಿ ವಿಳಾಸ? ಅದೇ ಡಿ000!

ಈ ಕಾರ್ಡಿನ ಮೇಲೆ 8 ಕೆಬಿ ರ‍್ಯಾಮ್ ಇದೆ, ಪ್ಯಾಕೆಟ್‌ಗಳು ಹೋಗಿಬರುವುದು ಅದರ ಮೂಲಕ. ಡ್ರೈವರ್ ಬಂದು 280ನೇ ಪೋರ್ಟಿನಲ್ಲಿ ಒಂದು ಬಿಟ್ ಎಬ್ಬಿಸುವ ತನಕ ಆ ರ‍್ಯಾಮಿನ ಕಿಟಕಿ ಮುಚ್ಚಿರುತ್ತದೆ. ಇಎಂಎಂ386 ಅದಕ್ಕಿಂತ ಎಷ್ಟೋ ಮೊದಲೇ ಆ ಜಾಗ ತಡಕಿ ನೋಡುತ್ತದೆ. ಅಲ್ಲಿ ಯಾವುದಾದರೂ ರೋಮ್ ಚಿಪ್ ಇದ್ದಿದ್ದರೆ ಅದರ ಮೊದಲಲ್ಲಿ 55 ಎಎ ಗುರುತು ಸಿಗುತ್ತಿತ್ತು. ಇಲ್ಲಿ ಏನೂ ಸಿಗಲಿಲ್ಲ, ಹಾಗಾಗಿ ಖಾಲಿ ಅಂತ ಯುಎಂಬಿಗೆ ಸೇರಿಸಿಕೊಂಡಿತು. ಆಮೇಲೆ ಡ್ರೈವರ್ ಡಿ000ಕ್ಕೆ ಬರೆದದ್ದನ್ನು 386ರ ಪೇಜಿಂಗ್ (ವಿಳಾಸ ಬದಲಿಸುವ ವ್ಯವಸ್ಥೆ) ಬೇರೆ ಕಡೆ ತಿರುಗಿಸುತ್ತದೆ. ಪ್ಯಾಕೆಟ್ ಕಾರ್ಡಿಗೆ ತಲುಪುವುದೇ ಇಲ್ಲ, ಮೌಸ್ ಕೋಡಿನ ಮೇಲೆ ಬೀಳುತ್ತದೆ. ಮೌಸನ್ನು ಇಳಿಸಿದಾಗ ಕೆಡಲು ಏನೂ ಇರಲಿಲ್ಲ, ಅಷ್ಟೇ.

ಆ ಜಾಗ ಮುಟ್ಟಬೇಡ ಅಂತ ಇಎಂಎಂ386 ಸಾಲಿಗೆ ಎಕ್ಸ್=ಡಿ000-ಡಿ1ಎಫ್‌ಎಫ್ ಹಾಕಿದೆ. ಐಪಿ ವಿಳಾಸ ಬಂತು! ಆದರೆ 160 ಕೆಬಿ ಈಗ 32 ಮತ್ತು 120 ಆಗಿ ಒಡೆಯಿತು. ಅದು ನನಗೆ ಹಿಡಿಸಲಿಲ್ಲ. ಈ ಕಾರ್ಡಿನ ಕಿಟಕಿಗೆ ಜಂಪರ್ ಇಲ್ಲ, ಡ್ರೈವರ್ ಹೇಳಿದ ಕಡೆ ತೆರೆಯುತ್ತದೆ. ಹಾಗಾದರೆ ನಡುವೆ ಯಾಕೆ, ಅಂಚಿನಲ್ಲೇ ಇರಲಿ ಅಲ್ವಾ? ಡ್ರೈವರಿಗೆ ಸಿ800 ಕೊಟ್ಟೆ, ಇಎಂಎಂ386ಗೆ ಎಕ್ಸ್=ಸಿ800-ಸಿ9ಎಫ್‌ಎಫ್. ಈಗ 152 ಕೆಬಿ ಒಂದೇ ತುಂಡು. ಕೆಳಗೆ 617 ಕೆಬಿ ಖಾಲಿ. ಆ ಸಂಖ್ಯೆ ನೋಡಿ ಎಷ್ಟು ಖುಷಿಯಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ಮುಂದಿನ ಕೆಲಸ ಎಕ್ಸ್‌ಟಿ-ಐಡಿಇ ಬಯಾಸ್, ಅಂದರೆ ದೊಡ್ಡ ಡಿಸ್ಕ್ ಓದಲು ರೋಮ್‌ನಲ್ಲಿ ಹಾಕುವ ಪ್ರೋಗ್ರಾಂ. ಈ ಮದರ್‌ಬೋರ್ಡಿನ ಬಯಾಸ್ 504 ಎಂಬಿಗಿಂತ ದೊಡ್ಡ ಡಿಸ್ಕ್ ನೋಡುವುದಿಲ್ಲ, ಡಿಸ್ಕಿನ ಬದಲು ಇರುವ ನನ್ನ ಸಿಎಫ್ ಕಾರ್ಡ್ 2 ಜಿಬಿ. ಆ ರೋಮ್‌ಗೂ 8 ಕೆಬಿ ಬೇಕು, ಅದನ್ನು ಸಿ800ರಲ್ಲೇ ಕೂರಿಸುವ ಯೋಚನೆ. ನೆಟ್‌ವರ್ಕ್ ಕಾರ್ಡನ್ನು ಪಕ್ಕದ ಸಿಎ00ಕ್ಕೆ ಸರಿಸಿದರೆ ಆಯಿತು, ಆಗಲೂ 144 ಕೆಬಿ ಒಟ್ಟಿಗೇ ಉಳಿಯುತ್ತದೆ. ಆ ರೋಮ್‌ಗೆ ಇಟ್ಟ 27ಸಿ64 ಚಿಪ್, ಹಳೆಯದನ್ನು ಅಳಿಸಲು, ಈಗ ಯುವಿ ದೀಪದ ಕೆಳಗಿದೆ. ಇನ್ನು 20 ನಿಮಿಷ, ಆಮೇಲೆ ಬರೆದು ನೋಡುತ್ತೇನೆ.