ಮೂರು ಕಡೆ ಕೆಲಸ ಕಳೆದುಕೊಂಡ ಜೋ ಟೋರಿ

ಕ್ರಿಕೆಟ್‌ನಲ್ಲಿ ನಾಯಕ ಮೈದಾನದೊಳಗೆ ನಿಂತು ತೆಗೆದುಕೊಳ್ಳುವ ಬಹುತೇಕ ನಿರ್ಧಾರಗಳನ್ನು ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಡಗೌಟ್‌ನಲ್ಲಿ ಕುಳಿತು ತೆಗೆದುಕೊಳ್ಳುತ್ತಾರೆ. ಆ ಸ್ಥಾನಕ್ಕೇರಿದ ಹಳೆಯ ಆಟಗಾರರ ಪೈಕಿ ನನ್ನ ಕುತೂಹಲವನ್ನು ಅತಿ ಹೆಚ್ಚು ಕೆರಳಿಸಿದವರು ಜೋ ಟೋರಿ. ಅವರ ಯಶಸ್ಸಿನ ಬೇರು ಅವರು ಆಟಗಾರರಾಗಿ ಕಂಡ ಏರಿಳಿತದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1940ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಟೋರಿ 1960ರಲ್ಲಿ ಮಿಲ್ವಾಕಿ ಬ್ರೇವ್ಸ್ ಸೇರಿ, ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂತೆ ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್ ಆಗಿ ಹೆಸರು ಮಾಡಿದರು. ಮುಂದೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಆಡುತ್ತ, 1971ರಲ್ಲಿ .363 ಬ್ಯಾಟಿಂಗ್ ಸರಾಸರಿಯೊಂದಿಗೆ (ಅಂದರೆ ಸಾವಿರ ಸರದಿಗೆ 363ರ ಲೆಕ್ಕದಲ್ಲಿ ಹಿಟ್, ಬೇಸ್ ತಲುಪಿಸುವ ಹೊಡೆತ), ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. ನಾಲ್ಕೇ ವರ್ಷಗಳಲ್ಲಿ, ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿದ್ದಾಗ, ಆ ಸರಾಸರಿ .247ಕ್ಕೆ ಕುಸಿಯಿತು. ಅದೇ 1975ರ ಒಂದು ಪಂದ್ಯದಲ್ಲಂತೂ ಅವರಿಗಿಂತ ಒಂದು ಕ್ರಮಾಂಕ ಮೊದಲು ಬ್ಯಾಟ್ ಮಾಡುತ್ತಿದ್ದ ಫೆಲಿಕ್ಸ್ ಮಿಯಾನ್ ನಾಲ್ಕು ಸಲ ಹಿಟ್ ಹೊಡೆದು ಬೇಸ್ ತಲುಪಿದರೆ, ನಾಲ್ಕು ಸಲವೂ ಟೋರಿ ಹೊಡೆದ ಚೆಂಡಿಗೆ ಇಬ್ಬರೂ ಒಟ್ಟಿಗೇ ಔಟಾದರು. ಒಟ್ಟು 2,342 ಹಿಟ್‌ಗಳನ್ನು ಗಳಿಸಿದರೂ ಆಟಗಾರರಾಗಿ ಅವರು, ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಆಡಲೇ ಇಲ್ಲ.

1977ರಲ್ಲಿ ಮೆಟ್ಸ್ ತಂಡವೇ ಅವರನ್ನು ಮ್ಯಾನೇಜರ್ ಮಾಡಿ, 1981ರಲ್ಲಿ ಕೈಬಿಟ್ಟಿತು. ಅಟ್ಲಾಂಟಾ ಬ್ರೇವ್ಸ್ 1982ರಲ್ಲಿ ಅವರ ಕೈಕೆಳಗೆ ಸತತ 13 ಗೆಲುವುಗಳೊಂದಿಗೆ ಋತುವನ್ನು ಆರಂಭಿಸಿತಾದರೂ 1984ರ ಕೊನೆಗೆ ಅಲ್ಲೂ ಅದೇ ಗತಿಯಾಯಿತು. ಕೆಲವು ವರ್ಷ ಟಿವಿ ವೀಕ್ಷಕ ವಿವರಣೆ ನೀಡಿದ ಮೇಲೆ ಸಿಕ್ಕ ಕಾರ್ಡಿನಲ್ಸ್ ಹುದ್ದೆಯೂ 1995ರಲ್ಲಿ ಹೋಯಿತು. ಅಷ್ಟರಲ್ಲಿ ಅವರ ಲೆಕ್ಕದಲ್ಲಿ 894 ಗೆಲುವುಗಳೂ 1,003 ಸೋಲುಗಳೂ ಇದ್ದವು. ಹೀಗಿರುವಾಗ ನ್ಯೂಯಾರ್ಕ್ ಯಾಂಕೀಸ್ ತಂಡದ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ಟೋರಿಯನ್ನು ನೇಮಿಸಿಕೊಂಡಾಗ ನ್ಯೂಯಾರ್ಕಿನ ಪತ್ರಿಕೆಯೊಂದು ‘ಏನೂ ಅರಿಯದ ಜೋ’ ಎಂಬರ್ಥದ ತಲೆಬರಹ ಕೊಟ್ಟು ಮೂದಲಿಸಿತು.

1996ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ಅದೇ ಅಟ್ಲಾಂಟಾ ತಂಡದೆದುರು ಮೊದಲ ಪಂದ್ಯವನ್ನು ತವರಿನಲ್ಲೇ 12–1ರಿಂದ ಸೋತಿತು. ಕಂಗಾಲಾದ ಸ್ಟೈನ್‌ಬ್ರೆನ್ನರ್‌ಗೆ ಟೋರಿ ಎರಡನೆಯ ಪಂದ್ಯಕ್ಕೆ ಮುನ್ನ, ಇವತ್ತೂ ಸೋಲಬಹುದು, ಆದರೆ ಅಟ್ಲಾಂಟಾ ನನ್ನ ಊರು, ಅಲ್ಲಿ ಮೂರನ್ನೂ ಗೆದ್ದು ಶನಿವಾರ ಇಲ್ಲಿಯೇ ಮುಗಿಸುತ್ತೇವೆ ಎಂದು ಹೇಳಿದ್ದರಂತೆ, ನಡೆದದ್ದೂ ಹಾಗೆಯೇ. ನಾಲ್ಕನೆಯ ಪಂದ್ಯದಲ್ಲಿ 6–0 ಹಿನ್ನಡೆಯಲ್ಲಿದ್ದ ತಂಡ ಜಿಮ್ ಲೇರಿಟ್ಸ್‌ರ ಹೋಮ್ ರನ್‌ನಿಂದ ಸಮಬಲ ಸಾಧಿಸಿ 8–6ರಿಂದ ಗೆದ್ದಿತು. ಐದನೆಯ ಪಂದ್ಯಕ್ಕೆ, ತೊಡೆಯ ನೋವಿನಿಂದ ಬಳಲುತ್ತಿದ್ದ ಪಾಲ್ ಓನೀಲ್‌ರನ್ನು ಹೊರಗಿಡಲು ಹೊರಟಿದ್ದ ಟೋರಿ, ಅವರ ಸಪ್ಪೆ ಮುಖದ ಬಗ್ಗೆ ಸಹಾಯಕ ಡಾನ್ ಜಿಮ್ಮರ್ ಹೇಳಿದ ಮಾತು ಕೇಳಿ ಮನಸ್ಸು ಬದಲಿಸಿದರು. ಒಂಬತ್ತನೆಯ ಇನಿಂಗ್ಸ್‌ನಲ್ಲಿ, ಇಬ್ಬರು ಎದುರಾಳಿಗಳು ಬೇಸ್ ಮೇಲಿದ್ದಾಗ, ಲೂಯಿಸ್ ಪೊಲೊನಿಯಾ ದೂರಕ್ಕೆ ಹೊಡೆದ ಚೆಂಡನ್ನು ಕುಂಟುತ್ತಲೇ ಓಡಿ ಹಿಡಿದು 1–0 ಗೆಲುವನ್ನು ಉಳಿಸಿದವರು ಇದೇ ಓನೀಲ್. ತಾನೇ .363ರಿಂದ .247ಕ್ಕೆ ಇಳಿದು ನೋಡಿದವನಿಗೆ ಮಾತ್ರ ಇಂಥ ಹೊತ್ತಿನಲ್ಲಿ ಆಟಗಾರನ ಮುಖ ಅಂಕಿಅಂಶಕ್ಕಿಂತ ದೊಡ್ಡದಾಗಿ ಕಂಡೀತು.

ಆ ವರ್ಷ ಜೂನ್‌ನಲ್ಲಿ ಟೋರಿಯ ಅಣ್ಣ ರಾಕೊ ತೀರಿಕೊಂಡಿದ್ದರು. ಇನ್ನೊಬ್ಬ ಅಣ್ಣ ಫ್ರಾಂಕ್‌ಗೆ ಆರನೆಯ ಪಂದ್ಯದ ಹಿಂದಿನ ದಿನವಷ್ಟೇ ಹೃದಯ ಕಸಿ ನಡೆದಿತ್ತು. ಮರುದಿನ ಯಾಂಕೀಸ್ 3–2ರಿಂದ ಗೆದ್ದು ಪ್ರಶಸ್ತಿ ಎತ್ತಿತು.

1998, 1999 ಮತ್ತು 2000ರಲ್ಲೂ ಪ್ರಶಸ್ತಿ ಬಂತು. ಯಾಂಕೀಸ್‌ನ ಹಣಬಲವನ್ನು ಇಲ್ಲಿ ಮರೆಯಲಾಗದು. ಡೆರೆಕ್ ಜೀಟರ್, ಮರಿಯಾನೊ ರಿವೆರಾರಂಥ ತಾರಾ ಆಟಗಾರರು ಕೈಯಲ್ಲಿದ್ದರೆ ಯಾರ ಕೆಲಸವೂ ಹಗುರವೇ. ಆದರೂ ಮಾತೆತ್ತಿದರೆ ಮ್ಯಾನೇಜರ್‌ಗಳನ್ನು ಕಿತ್ತುಹಾಕುತ್ತಿದ್ದ ಮಾಲೀಕನ ಕೆಳಗೆ 12 ಋತು ಉಳಿದು, ಪ್ರತಿ ವರ್ಷವೂ ತಂಡವನ್ನು ಪ್ಲೇಆಫ್‌ಗೆ ಒಯ್ದದ್ದು ಹಣದಿಂದಷ್ಟೇ ಆದ ಕೆಲಸವಲ್ಲ. 2004ರಲ್ಲಿ ಬೋಸ್ಟನ್ ಎದುರಿನ ಪ್ಲೇಆಫ್ ಸರಣಿಯಲ್ಲಿ ಮೊದಲ ಮೂರೂ ಪಂದ್ಯ ಗೆದ್ದು ಪಡೆದ 3–0 ಮುನ್ನಡೆ ಕೈಚೆಲ್ಲಿದ್ದು ಅವರ ದಾಖಲೆಯ ದೊಡ್ಡ ಕಪ್ಪುಚುಕ್ಕೆ. 2007ರಲ್ಲಿ ಸಂಬಳ ತಗ್ಗಿಸಿದ ಒಂದು ವರ್ಷದ ಒಪ್ಪಂದವನ್ನು ನಿರಾಕರಿಸಿ ಅವರು ಲಾಸ್ ಏಂಜಲಿಸ್ ಡಾಜರ್ಸ್‌ಗೆ ಹೋದರು.

2014ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದಾಗ ವೇದಿಕೆಯಲ್ಲಿ ಅವರ ಜೊತೆಗಿದ್ದ ಇಬ್ಬರು ಮ್ಯಾನೇಜರ್‌ಗಳೆಂದರೆ, 1996ರಲ್ಲಿ ಎದುರಾಳಿಯಾಗಿದ್ದ ಬಾಬಿ ಕಾಕ್ಸ್ ಮತ್ತು ಟೋರಿ ಕಳೆದುಕೊಂಡ ಕಾರ್ಡಿನಲ್ಸ್ ಹುದ್ದೆಯನ್ನು 1996ರಿಂದ ನಿಭಾಯಿಸಿದ ಟೋನಿ ಲಾ ರುಸಾ. ಅಂದಿನ ಭಾಷಣದಲ್ಲಿ ಟೋರಿ ಬಹಳ ಮಂದಿಯನ್ನು ನೆನೆದರು, ಆದರೆ ಸ್ಟೈನ್‌ಬ್ರೆನ್ನರ್ ಹೆಸರು ಹೇಳುವುದನ್ನೇ ಮರೆತು, ಆಮೇಲೆ ಅದಕ್ಕಾಗಿ ಬೇಸರಪಟ್ಟುಕೊಂಡರು.