ಬಳ್ಳಾರಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ: ಯಲಹಂಕದಲ್ಲಿ ಇಳಿಯುವ ದಾರಿ

ವಿಮಾನ ಹಿಡಿಯಲು ಹೊರಟ ಬಳ್ಳಾರಿಯವರು ಸಾಮಾನ್ಯವಾಗಿ ರಾತ್ರಿ ರೈಲಿನಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ವಾಯು ವಜ್ರ ಬಸ್ಸಿನಲ್ಲಿ ಬಂದ ದಿಕ್ಕಿಗೇ ಮತ್ತೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಹಿಂದಿರುಗುತ್ತಾರೆ. ಆ ರಾತ್ರಿ ರೈಲು, ಅಂದರೆ ಹಂಪಿ ಎಕ್ಸ್‌ಪ್ರೆಸ್, ಗುಂತಕಲ್, ಧರ್ಮಾವರಂ, ಹಿಂದೂಪುರ, ಗೌರಿಬಿದನೂರು ಮಾರ್ಗವಾಗಿ ಬಂದು, ನಗರದೊಳಗೆ ಹೋಗುವ ಮೊದಲೇ ಯಲಹಂಕದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದರೆ ಈ ಸುತ್ತಾಟ ತಪ್ಪುತ್ತದೆ. ಮೊದಲ ಸಲ ನಾನು ಅಲಾರಂ ಇಡದೆ ಮಲಗಿ, ಕಣ್ಣು ಬಿಡುವಷ್ಟರಲ್ಲಿ ಮೆಜೆಸ್ಟಿಕ್ ಬಂದಿತ್ತು. ಕಳೆದ ತಿಂಗಳು ಆ ತಪ್ಪು ಮಾಡಲಿಲ್ಲ.

ನಮ್ಮ ತಂದೆ ರೈಲ್ವೆಯಲ್ಲಿ ಕೀಮನ್ (ಹಳಿಯುದ್ದಕ್ಕೂ ನಡೆದು ಅದನ್ನು ಪರೀಕ್ಷಿಸುವವರು) ಆಗಿದ್ದುದರಿಂದ, ರೈಲು ಬರುವವರೆಗೆ ಹಳಿಯನ್ನೇ ನೋಡುತ್ತ ನಿಲ್ಲುವುದು ನನ್ನ ಅಭ್ಯಾಸ. ಬಳ್ಳಾರಿ ಪ್ಲಾಟ್‌ಫಾರಂ ತುದಿಯಲ್ಲಿ ಜಲ್ಲಿಕಲ್ಲಿನ ಬಣ್ಣ ಬೂದಿಯಲ್ಲ, ಕೆಮ್ಮಣ್ಣಿನದು. ಒಂದು ಕಲ್ಲನ್ನು ಕೈಗೆತ್ತಿಕೊಂಡರೆ ಬೆರಳಿಗೆ ಅದಿರಿನ ಧೂಳು ಮೆತ್ತಿಕೊಳ್ಳುತ್ತದೆ. ಹಳಿಯನ್ನು ಹೊರುವ ಅಡ್ಡಪಟ್ಟಿಗಳ, ಅಂದರೆ ಸ್ಲೀಪರುಗಳ, ಅಡಿ 20ರಿಂದ 65 ಮಿ.ಮೀ. ಗಾತ್ರದ ಜಲ್ಲಿ ಹಾಕುವುದು ಭಾರ ಹಂಚುವುದಕ್ಕೆ ಮಾತ್ರವಲ್ಲ, ಕಲ್ಲುಗಳ ಸಂದಿನಲ್ಲಿ ಮಳೆನೀರು ಇಳಿದುಹೋಗುವುದಕ್ಕೂ ಹೌದು. ಆ ಸಂದುಗಳಲ್ಲಿ ಧೂಳು ತುಂಬಿದರೆ ನೀರು ನಿಂತು ಹಳಿ ಕುಸಿಯತೊಡಗುತ್ತದೆ. ಆಗ ಜಲ್ಲಿಯನ್ನು ಬಗೆದು, ಜರಡಿ ಹಿಡಿದು ಮತ್ತೆ ತುಂಬಬೇಕು. ಹೊಸದಾಗಿ ತುಂಬಿದ ಜಾಗ ಗಟ್ಟಿಯಾಗುವವರೆಗೆ ರೈಲುಗಳನ್ನು ಬಹಳ ನಿಧಾನವಾಗಿ ಬಿಡುತ್ತಾರೆ. ಮೀಟರಿಗೆ 60 ಕಿಲೋ ತೂಗುವ ಹಳಿಯಾದರೂ ಅದಿರಿನ ವ್ಯಾಗನ್ನುಗಳ ಕೆಳಗೆ ಸವೆದೇ ಸವೆಯುತ್ತದೆ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ: ಇಂಥ ದುರಸ್ತಿ ನಡೆಯುವ ದಿನಗಳಲ್ಲಿ ರೈಲು ತಡವಾಗುವುದು ಸಹಜ. ಆದ್ದರಿಂದ ರೈಲಿನ ವೇಳೆಗೂ ವಿಮಾನದ ಚೆಕ್-ಇನ್‌ಗೂ ನಡುವೆ ಕನಿಷ್ಠ ಮೂರು ತಾಸು ಇಟ್ಟುಕೊಳ್ಳಿ. ಬೆಳಗಿನ ವಿಮಾನವಾದರೆ ಹಿಂದಿನ ದಿನವೇ ಹೋಗುವುದು ಲೇಸು.

ಯಲಹಂಕದಲ್ಲಿ ನಿಲುಗಡೆ ಅತಿ ಕಡಿಮೆ. ದೊಡ್ಡಬಳ್ಳಾಪುರ ದಾಟುತ್ತಿದ್ದಂತೆ ಸಾಮಾನನ್ನು ಬಾಗಿಲ ಬಳಿ ತನ್ನಿ. ಯಲಹಂಕದಿಂದ ವಿಮಾನ ನಿಲ್ದಾಣಕ್ಕೆ ಎರಡು ದಾರಿಗಳಿವೆ. ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಮಾರ್ಗದಲ್ಲಿ, ಹಿಂದೆ ನ್ಯಾರೋ ಗೇಜ್ ರೈಲು ಓಡುತ್ತಿದ್ದ ದಾರಿಯಲ್ಲಿ, 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ (ಸಣ್ಣ ರೈಲು ನಿಲುಗಡೆ) ಶುರುವಾಯಿತು. ಟಿಕೆಟ್ ದರ ಅಗ್ಗ. ಆದರೆ ಹಾಲ್ಟ್ ಟರ್ಮಿನಲ್ ಪಕ್ಕದಲ್ಲಿಲ್ಲ. ನಾನು ಇಳಿದಾಗ ಶಟಲ್ ಬಸ್ಸು ಕಾದಿತ್ತು. ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ಆ ದಿನದ ವೇಳಾಪಟ್ಟಿಯನ್ನು ನೋಡದೆ ಇದನ್ನು ನಂಬಿಕೊಳ್ಳಬೇಡಿ. ಇನ್ನೊಂದು ದಾರಿ, ಆಟೋದಲ್ಲಿ ಕೋಗಿಲು ಕ್ರಾಸಿಗೆ ಹೋಗಿ, ಮೆಜೆಸ್ಟಿಕ್ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಬರುವ ಕೆಐಎ-9 ವಾಯು ವಜ್ರ ಬಸ್ಸು ಹತ್ತುವುದು. ಮುದುಕರು, ಮಕ್ಕಳು ಜೊತೆಗಿದ್ದರೆ ನನ್ನ ಸಲಹೆ ಇದೇ. ಆ ರಸ್ತೆಯ ಹೆಸರು ಬಳ್ಳಾರಿ ರಸ್ತೆ ಎಂಬುದನ್ನು ಫಲಕದಲ್ಲಿ ಓದಿದಾಗ, ಮುನ್ನೂರು ಕಿಲೋಮೀಟರ್ ಬಂದರೂ ಊರು ಬಿಟ್ಟಿಲ್ಲವೇನೋ ಎನಿಸಿತು.

ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದೆಂದು ಮೊದಲೇ ನೋಡಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಎರಡನೇ ಟರ್ಮಿನಲ್ಲಿನಿಂದ (ಟಿ2) ಹೊರಡುತ್ತವೆ. ಮರಳುವಾಗಲೂ ಯಲಹಂಕದಲ್ಲೇ ಹತ್ತಬಹುದು, ಆದರೆ ಬುಕಿಂಗ್ ಮಾಡುವಾಗ ಹತ್ತುವ ನಿಲ್ದಾಣ ಯಲಹಂಕ ಎಂದೇ ಹಾಕಬೇಕು. ಬೆಂಗಳೂರು ಎಂದು ಹಾಕಿ ಯಲಹಂಕದಲ್ಲಿ ಹತ್ತಿದರೆ, ಅಷ್ಟರಲ್ಲಿ ನಿಮ್ಮ ಬರ್ತ್ ಬೇರೊಬ್ಬರ ಪಾಲಾಗಿರಬಹುದು.