ಬೂದಿ ದಿಬ್ಬಗಳ ಪಟ್ಟಿ ಮತ್ತೆ ತೆರೆದೆ

ಸೆಮಿಸ್ಟರ್ ಪರೀಕ್ಷೆ ಮುಗಿಯಿತು, ಆಂತರಿಕ ಅಂಕಗಳನ್ನೆಲ್ಲ ಏರಿಸಿಯಾಯಿತು. ಇನ್ನು ನೆಪ ಹೇಳಿಕೊಂಡು ಕೂರುವಂತಿರಲಿಲ್ಲ. ಪಾಠ, ಮೌಲ್ಯಮಾಪನಗಳ ನಡುವೆ ಬಹಳ ಕಾಲದಿಂದ ನಿಂತೇಹೋಗಿದ್ದ ಬೂದಿ ದಿಬ್ಬಗಳ, ಅಂದರೆ ನವಶಿಲಾಯುಗದ ಬೂದಿ ರಾಶಿಗಳ, ಡೇಟಾಬೇಸನ್ನು ಮತ್ತೆ ತೆರೆದಿದ್ದೇನೆ.

ಬಳ್ಳಾರಿ ಕಡೆಯವರಿಗೆ ಬೂದಿ ದಿಬ್ಬ ಹೊಸದಲ್ಲ. ಕುಡತಿನಿ ಹತ್ತಿರದ್ದನ್ನು ಹೊಸಪೇಟೆಗೆ ಹೋಗಿಬರುವವರು ಬಸ್ಸಿನಿಂದಲೇ ನೋಡಿರುತ್ತಾರೆ. ಹಂಪಿ ಪಕ್ಕದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಅಂತ ಊರವರ ನಂಬಿಕೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ರಾಶಿ ಅದು. ಯಾಕೆ ಸುಟ್ಟರು ಎಂಬ ಜಗಳ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ಹುಡುಗರು ಕಿವಿ ನಿಮಿರಿಸುವುದೂ ಅಲ್ಲಿಯೇ.

ಫೈಲು ತೆರೆದರೆ ಮೊದಲ ಪೆಟ್ಟು ಅಕ್ಷರದ್ದು. ಹಳೆಯ ಹಾಳೆಗಳೆಲ್ಲ ನುಡಿ ಫಾಂಟಿನಲ್ಲಿವೆ, ಹೊಸ ಲ್ಯಾಪ್‌ಟಾಪಿನಲ್ಲಿ ಊರ ಹೆಸರಿನ ಜಾಗದಲ್ಲೆಲ್ಲ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿಗೆ ಪರಿವರ್ತಿಸಿದೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿವೆ, ಒಂದೊಂದೇ ಸಾಲು ನೋಡಿ ತಿದ್ದಬೇಕು. ಎರಡನೆಯದು ಜಿಲ್ಲೆಯದು. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾಯಿತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ. ನಿಂಬಾಪುರವನ್ನು ಹಳೆಯ ವರದಿಗಳಲ್ಲಿ ಬಳ್ಳಾರಿಯಲ್ಲೇ ಹುಡುಕಬೇಕು, ಇವತ್ತಿನ ನಕ್ಷೆಯಲ್ಲಿ ಬೇರೆ ಕಡೆ. ವರದಿಯ ಜಿಲ್ಲೆಗೊಂದು, ಈಗಿನ ಜಿಲ್ಲೆಗೊಂದು ಕಾಲಂ ಇಟ್ಟು ಮುಂದೆ ಹೋದೆ.

ನಿಜವಾದ ತಲೆನೋವು ಬಳ್ಳಾರಿ ಹತ್ತಿರದ ಕಪ್ಪಗಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಕಂಡ ಗುಡ್ಡ. ಇಂಗ್ಲಿಷ್ ಬರಹಗಳಲ್ಲಿ ಅದು ಒಮ್ಮೆ ಕಪ್ಗಲ್, ಒಮ್ಮೆ ಕುಪ್ಗಲ್, ಇನ್ನೊಮ್ಮೆ ಪೀಕಾಕ್ ಹಿಲ್. ಊರವರ ಬಾಯಲ್ಲಿ ಹಿರೇಗುಡ್ಡ. ಮಗ್ಗುಲಲ್ಲೇ 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಅಗೆದ ಸಂಗನಕಲ್ಲಿನ ಸಣ್ಣರಾಚಮ್ಮನ ಗುಡ್ಡ. ಹಿರೇಗುಡ್ಡದ ಮೇಲೆ ಕಲ್ಗೊಡಲಿ ಮಾಡುತ್ತಿದ್ದ ಜಾಗ, ಬಂಡೆಯ ಮೇಲೆ ಕುಟ್ಟಿದ ಎತ್ತುಗಳ ಚಿತ್ರ, ಬಡಿದರೆ ನಾದ ಹೊರಡುವ ಕಲ್ಲುಗಳು. ಇದೆಲ್ಲ ಒಂದೇ ನೆಲೆಯೋ, ನಾಲ್ಕೋ? ಮೊದಲು ಒಂದೇ ಸಾಲಿನಲ್ಲಿ ತುರುಕಿದ್ದೆವು. ಗುಡ್ಡದ ಒಂದು ಮೈಯನ್ನು ಕಲ್ಲುಗಣಿ ತಿಂದಾಗ ಆ ಸಾಲಿನಲ್ಲಿ ಏನನ್ನು ‘ನಾಶ’ ಎಂದು ಬರೆಯುವುದು?

ಈಗ ನೆಲೆಗೊಂದು ಕೋಷ್ಟಕ, ಭೇಟಿಗೊಂದು ಕೋಷ್ಟಕ ಮಾಡುತ್ತಿದ್ದೇನೆ. ಯಾರು ನೋಡಿದರು, ಯಾವ ವರ್ಷ, ಏನು ಕಂಡರು ಎಂಬುದು ಎರಡನೆಯದಕ್ಕೆ. ಹೀಗಾದರೆ ಫೂಟ್ ಕಂಡದ್ದೂ ಉಳಿಯುತ್ತದೆ, ಹೋದ ಬೇಸಿಗೆಯಲ್ಲಿ ನಮ್ಮ ಎಂ.ಎ. ಹುಡುಗಿ ಕಂಡದ್ದೂ ಉಳಿಯುತ್ತದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಬೂದಿಯನ್ನು ರೈತರು ಗೊಬ್ಬರಕ್ಕೆಂದು ಹೊಲಕ್ಕೆ ಸಾಗಿಸುತ್ತಾರೆ, ಹಾಗಾಗಿ ದಿಬ್ಬದ ಎತ್ತರಕ್ಕೆ ವರ್ಷ ಬರೆಯದಿದ್ದರೆ ಅರ್ಥವೇ ಇಲ್ಲ.

ಮಕ್ಕಳು ತುಂಬಿದ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಇನ್ನೊಮ್ಮೆ ನೋಡಲೇಬೇಕು. 15 ಡಿಗ್ರಿ 12 ನಿಮಿಷವನ್ನು 15.12 ಎಂದು ಬರೆದರೆ ದಿಬ್ಬ ಸುಮಾರು ಒಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ ಹಾರುತ್ತದೆ. 15.20 ಆಗಬೇಕಾದ್ದು. ಇದನ್ನೇ ಒಂದು ಪ್ರಾಯೋಗಿಕ ತರಗತಿ ಮಾಡಿಬಿಟ್ಟೆ. ಸಿಲಬಸ್ಸಿನಲ್ಲಿಲ್ಲ, ಇರಬೇಕಿತ್ತು.

ಎಲ್ಲರಿಗೂ ತೆರೆದಿಡುವ ಪ್ರತಿಯಲ್ಲಿ ನೆಲೆಯ ಜಾಗವನ್ನು ಹೋಬಳಿಯವರೆಗಷ್ಟೇ ಕೊಡುವುದೆಂದು ತೀರ್ಮಾನಿಸಿದ್ದೇನೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಂಥ ಕಡೆಯ ಶಿಲಾಸಮಾಧಿಗಳೂ ಇದೇ ಪಟ್ಟಿಗೆ ಮುಂದೆ ಸೇರಬೇಕು, ಶಿಲಾಸಮಾಧಿ ಎಂದರೆ ನಿಧಿಗಳ್ಳರ ಹಾರೆ ಮೊದಲು ತಲುಪುತ್ತದೆ. ಸಹೋದ್ಯೋಗಿಯೊಬ್ಬರಿಗೆ ಇದು ಒಪ್ಪಿಗೆಯಿಲ್ಲ. ಕಳ್ಳರಿಗೆ ದಾರಿ ಹೇಗೂ ಗೊತ್ತು, ಮುಚ್ಚಿಟ್ಟರೆ ತೊಂದರೆ ಸಂಶೋಧಕರಿಗೇ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೂ ಸದ್ಯಕ್ಕೆ ಕೇಳಿದವರಿಗೆ ಗುರುತು ನೋಡಿಯೇ ಪೂರ್ತಿ ಪ್ರತಿ ಕೊಡುತ್ತೇನೆ.